ಕಂಪ್ಯೂಟರ್ ಸೈನ್ಸ್ ಓದುವ ಮಗಳಿಗೆ ಅಮೆರಿಕದ ಇತಿಹಾಸ ಯಾಕೆ?

ಪ್ರಶ್ನೆ: ನಾವು ಧಾರವಾಡದವರು. ಮಗಳು ಈ ವರ್ಷ ಟೆಕ್ಸಾಸ್‌ನ ಒಂದು ಸರ್ಕಾರಿ ಯೂನಿವರ್ಸಿಟಿಯಲ್ಲಿ ಕಂಪ್ಯೂಟರ್ ಸೈನ್ಸ್ ಡಿಗ್ರಿಗೆ ಸೇರಿದ್ದಾಳೆ. ಎರಡು ಕೋರ್ಸ್ ಅಮೆರಿಕದ ಇತಿಹಾಸ ಓದಲೇಬೇಕಂತೆ. ಒಂದೊಂದು ಕ್ರೆಡಿಟ್‌ಗೂ ಡಾಲರ್ ಕಟ್ಟುವವರು ನಾವು. ಇದು ಅವಳಿಗೆ ಯಾಕೆ ಬೇಕು? ತಪ್ಪಿಸಿಕೊಳ್ಳಲು ದಾರಿ ಇದೆಯಾ?

ಉತ್ತರ: ಕಡ್ಡಾಯ ಅನ್ನೋದು ನಿಜ. ಯೂನಿವರ್ಸಿಟಿ ತಾನಾಗಿ ಮಾಡಿದ ನಿಯಮವಲ್ಲ, ಟೆಕ್ಸಾಸ್ ರಾಜ್ಯದ ಕಾನೂನು. ಅಲ್ಲಿನ ಸರ್ಕಾರಿ ಕಾಲೇಜಿನ ಡಿಗ್ರಿ ಬೇಕಾದರೆ ಅಮೆರಿಕದ ಇತಿಹಾಸದಲ್ಲಿ 6 ಕ್ರೆಡಿಟ್, ಅಂದರೆ ಎರಡು ಕೋರ್ಸ್, ಇರಬೇಕು. ಅದರಲ್ಲಿ 3 ಕ್ರೆಡಿಟ್ ಟೆಕ್ಸಾಸ್ ಇತಿಹಾಸದ್ದಾದರೂ ನಡೆಯುತ್ತದೆ. ಸರ್ಕಾರ ಮತ್ತು ಸಂವಿಧಾನದ ಬಗ್ಗೆ ಇನ್ನೂ 6 ಕ್ರೆಡಿಟ್ ಓದಬೇಕು. ಹೊರದೇಶದಿಂದ ಬಂದವರಿಗೂ ಇದರಿಂದ ವಿನಾಯಿತಿ ಇಲ್ಲ. ಎಂ.ಎಸ್.ಗೆ ಹೋದವರಿಗೆ ಮಾತ್ರ ಈ ನಿಯಮ ಅನ್ವಯಿಸುವುದಿಲ್ಲ. ನಮ್ಮ ಕಡೆಯಿಂದ ಜಾಸ್ತಿ ಹೋಗೋದು ಎಂ.ಎಸ್.ಗೇ ಆದ್ದರಿಂದ ಇದು ಹೆಚ್ಚು ಜನರ ಕಿವಿಗೆ ಬಿದ್ದಿಲ್ಲ.

ಖರ್ಚಿನ ಬಗ್ಗೆ ಒಂದು ಸಮಾಧಾನದ ಮಾತು. ಡಿಗ್ರಿಗೆ ಬೇಕಾದ ಸುಮಾರು 120 ಕ್ರೆಡಿಟ್ ಒಳಗೇ ಈ 6 ಕೂಡ ಬರುತ್ತದೆ. ಅದರ ಮೇಲೆ ಸೇರಿಸಿದ ಹೊರೆಯಲ್ಲ.

ದಾರಿಯೂ ಇದೆ. ಕ್ಲೆಪ್ ಅನ್ನುವ 90 ನಿಮಿಷದ ಪರೀಕ್ಷೆ ಪಾಸಾದರೆ ಹಲವು ಯೂನಿವರ್ಸಿಟಿಗಳು ಕ್ರೆಡಿಟ್ ಕೊಡುತ್ತವೆ. ಫೀಸು ಕಡಿಮೆ ಇರುವ ಕಮ್ಯುನಿಟಿ ಕಾಲೇಜಿನಲ್ಲಿ ಓದಿ ಕ್ರೆಡಿಟ್ ವರ್ಗಾಯಿಸಿಕೊಳ್ಳಬಹುದು. ಯಾವುದೇ ಆದರೂ ಮೊದಲು ಕಾಲೇಜಿನ ಅಡ್ವೈಸರ್‌ನ್ನು ಕೇಳಬೇಕು. ಆದರೆ ನನ್ನನ್ನು ಕೇಳಿದರೆ, ಮಗಳು ಕ್ಲಾಸಿನಲ್ಲಿ ಕೂತೇ ಓದಲಿ.

ನೀವು ಧಾರವಾಡದವರು ಅಂದಿರಲ್ಲ, ಅಲ್ಲಿಂದಲೇ ಶುರು ಮಾಡುತ್ತೇನೆ. ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಗುಲಾಮರ ಬೆವರಿನಿಂದ ಬೆಳೆದ ಹತ್ತಿ ಇಂಗ್ಲೆಂಡಿನ ಲ್ಯಾಂಕಶೈರ್ ಗಿರಣಿಗಳಿಗೆ ಹೋಗುತ್ತಿತ್ತು. 1861ರಲ್ಲಿ ಅಮೆರಿಕದ ಉತ್ತರಕ್ಕೂ ದಕ್ಷಿಣಕ್ಕೂ ಯುದ್ಧ ಶುರುವಾಯಿತು. ಉತ್ತರದ ನೌಕಾಪಡೆ ದಕ್ಷಿಣದ ಬಂದರುಗಳನ್ನು ಮುಚ್ಚಿಸಿತು. ಗಿರಣಿಗಳಿಗೆ ಹತ್ತಿ ಇಲ್ಲ! ಬ್ರಿಟಿಷರ ಕಣ್ಣು ಮುಂಬೈ ಪ್ರಾಂತ್ಯದ ಮೇಲೆ ಬಿತ್ತು. ಧಾರವಾಡದ ಎರೆ ಹೊಲಗಳಲ್ಲಿ 1840ರ ದಶಕದಿಂದಲೇ ಅಮೆರಿಕದ ಹತ್ತಿ ಬೀಜ ಬಿತ್ತುತ್ತಿದ್ದರು, ಕಂಪನಿ ಸರ್ಕಾರ ತರಿಸಿದ್ದು. ಯುದ್ಧದ ಕಾಲಕ್ಕೆ ಆ ಹತ್ತಿಗೆ ಕಂಡರಿಯದ ರೇಟು ಬಂತು. ಅದನ್ನು ಕಾರವಾರದಿಂದ ಹಡಗಿಗೆ ಏರಿಸುವ ಯೋಚನೆ ಬಲವಾಯಿತು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಬಿಡಿಸಿ ಮುಂಬೈ ಪ್ರಾಂತ್ಯಕ್ಕೆ ಸೇರಿಸಲು ಇದೂ ಒಂದು ಕಾರಣ. 1865ರಲ್ಲಿ ಯುದ್ಧ ಮುಗಿಯಿತು, ಹತ್ತಿಯ ರೇಟೂ ಬಿದ್ದುಹೋಯಿತು. ಯಾರದೋ ದೇಶದ ಯುದ್ಧ ನಮ್ಮ ರೈತನ ಹೊಲಕ್ಕೆ ಬಂದು ಹೋದದ್ದು ಹೀಗೆ. ನೀವು ಮಗಳ ಸೂಟ್‌ಕೇಸಿಗೆ ಶೇಂಗಾ ಚಟ್ನಿಪುಡಿ ಹಾಕಿ ಕಳಿಸಿದ್ದರೆ, ಅದರ ಶೇಂಗಾ, ಮೆಣಸಿನಕಾಯಿ ಎರಡೂ ಅಮೆರಿಕ ಖಂಡದ ಬೆಳೆಗಳೇ. 1492ರಲ್ಲಿ ಕೊಲಂಬಸ್ ಅಲ್ಲಿ ಕಾಲಿಟ್ಟ ಮೇಲೆ ಇತ್ತ ಬಂದವು. ಮೊದಲ ಕೋರ್ಸಿನ ಆರಂಭದ ಪಾಠಗಳಲ್ಲೇ ಈ ಬೆಳೆಗಳ ಕಥೆ ಬರುತ್ತದೆ.

ಮೊದಲ ಕೋರ್ಸ್ ನಿಲ್ಲುವುದು 1877ಕ್ಕೆ. ಯುದ್ಧದ ನಂತರ ಗುಲಾಮಗಿರಿಯಿಂದ ಬಿಡುಗಡೆಯಾದ ಕಪ್ಪು ಜನರ ಹಕ್ಕು ಕಾಯಲು ದಕ್ಷಿಣದಲ್ಲಿದ್ದ ಕೇಂದ್ರದ ಸೈನ್ಯ ಆ ವರ್ಷ ಹಿಂದೆ ಸರಿಯಿತು. ಅವರಿಗೆ ಸಿಕ್ಕಿದ್ದ ಮತದ ಹಕ್ಕನ್ನು ಒಂದೊಂದೇ ರಾಜ್ಯ ನಾನಾ ನೆಪ ಹೇಳಿ ಕಿತ್ತುಕೊಂಡಿತು. ಅದನ್ನು ಮರಳಿ ಪಡೆಯುವ ಹೋರಾಟವೇ ಎರಡನೇ ಕೋರ್ಸಿನ ಜೀವಾಳ.

ಆ ಕೋರ್ಸಿನಲ್ಲೇ ನಿಮ್ಮ ಮಗಳಿಗೆ ಭಗತ್ ಸಿಂಗ್ ಥಿಂದ್ ಸಿಗಬಹುದು. ಪಂಜಾಬಿನಿಂದ ಹೋದವರು, ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯದಲ್ಲಿದ್ದವರು. 1923ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ಭಾರತೀಯರು ಬಿಳಿಯರಲ್ಲ, ಆದ್ದರಿಂದ ಅವರಿಗೆ ಪೌರತ್ವ ಇಲ್ಲ ಅಂತ ತೀರ್ಪು ಕೊಟ್ಟಿತು. ಆಗಲೇ ಪೌರತ್ವ ಸಿಕ್ಕಿದ್ದ ಹಲವರಿಂದಲೂ ಅದನ್ನು ವಾಪಸ್ ಕಿತ್ತುಕೊಂಡರು. 1946ರಲ್ಲಿ ಪೌರತ್ವದ ದಾರಿ ತೆರೆಯಿತು, ಆದರೆ ನೆಲೆಸಲು ಬರುವವರಿಗೆ ವರ್ಷಕ್ಕೆ 100 ಜನರ ಮಿತಿ. ಇಡೀ ಭಾರತಕ್ಕೆ ನೂರು! 1964ರಲ್ಲಿ ಕಪ್ಪು ಜನರ ಹೋರಾಟಕ್ಕೆ ಮಣಿದು ನಾಗರಿಕ ಹಕ್ಕುಗಳ ಕಾನೂನು ಬಂತು. ಜನಾಂಗ ನೋಡಿ ಭೇದ ಮಾಡಬಾರದು ಅನ್ನುವ ಆ ಗಾಳಿಯಲ್ಲೇ, ಆ ನೂರರ ಮಿತಿ ತೆಗೆದ 1965ರ ವಲಸೆ ಕಾನೂನೂ ಪಾಸಾಯಿತು. ಇವತ್ತು ಡಲ್ಲಾಸ್, ಹ್ಯೂಸ್ಟನ್, ಆಸ್ಟಿನ್‌ನಲ್ಲಿ ಇಷ್ಟೊಂದು ಕನ್ನಡದ ಮನೆಗಳಿರುವುದಕ್ಕೆ ಬಾಗಿಲು ತೆರೆದದ್ದು ಅದೇ. ಯಾರು ಏಟು ತಿಂದು ಆ ಬಾಗಿಲು ತೆರೆಸಿದರು ಅನ್ನೋದು ಅಲ್ಲಿ ಓದುವ ನಮ್ಮ ಮಕ್ಕಳಿಗೆ ಗೊತ್ತಿರಬೇಕು ಅಲ್ವಾ?

ಓದುವ ರೀತಿ ಮಾತ್ರ ಮಗಳಿಗೆ ಮೊದಮೊದಲು ಕಷ್ಟವಾಗಬಹುದು. ನಮ್ಮಲ್ಲಿ 'ಕಾರಣಗಳನ್ನು ವಿವರಿಸಿ' ಅಂದರೆ ಆರು ಪಾಯಿಂಟ್ ಬಾಯಿಪಾಠ ಮಾಡಿ ಬರೆಯುತ್ತಿದ್ದೆವು. ಅಲ್ಲಿ ಹಳೆಯ ಕಾಗದ, ಭಾಷಣ, ಕೋರ್ಟ್ ತೀರ್ಪುಗಳನ್ನೇ ಕೈಗೆ ಕೊಡುತ್ತಾರೆ. ಉದಾಹರಣೆಗೆ, ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದ ಫ್ರೆಡರಿಕ್ ಡಗ್ಲಾಸ್ 1852ರ ಜುಲೈ 5ರಂದು ರಾಚೆಸ್ಟರ್‌ನಲ್ಲಿ ಮಾಡಿದ ಭಾಷಣ. ನಿಮ್ಮ ಸ್ವಾತಂತ್ರ್ಯದ ಹಬ್ಬ ಗುಲಾಮನಿಗೆ ಏನು ಅಂತ ಬಿಳಿಯರ ಮುಖಕ್ಕೇ ಕೇಳಿದ ಮಾತು ಅದು. ಇದನ್ನು ಓದಿ ನಿನಗೇನು ಅನ್ನಿಸಿತು, ಅದಕ್ಕೆ ಆಧಾರ ಏನು ಅಂತ ಪ್ರಬಂಧ ಬರೆಯಬೇಕು. ಸುಮ್ನೆ ಅಭಿಪ್ರಾಯ ಹೇಳಿದರೆ ಮಾರ್ಕ್ಸ್ ಇಲ್ಲ. ಬೇರೆಯವರ ವಾಕ್ಯವನ್ನು ಎಲ್ಲಿಂದ ತಂದೆ ಅಂತ ಹೇಳದೆ ಎತ್ತಿಕೊಂಡರೆ ದೊಡ್ಡ ತಪ್ಪು. ಕೋರ್ಸೇ ಫೇಲ್ ಆಗಬಹುದು. ಇದನ್ನು ಅವಳಿಗೆ ಈಗಲೇ ಹೇಳಿಡಿ.

ಇನ್ನೊಂದು. ಬೇಗ ಮುಗಿಯಲಿ ಅಂತ ಬೇಸಿಗೆಯಲ್ಲಿ ಈ ಕೋರ್ಸ್ ತೆಗೆದುಕೊಳ್ಳುವುದು ಬೇಡ. ಹದಿನೈದು ವಾರದ ಓದನ್ನು ಐದಾರು ವಾರಕ್ಕೆ ತುರುಕುತ್ತಾರೆ. ಮಾಮೂಲಿ ಸೆಮಿಸ್ಟರ್‌ನಲ್ಲೇ ಓದಲಿ. ಬರವಣಿಗೆ ತಿದ್ದಿಕೊಳ್ಳಲು ಹೆಚ್ಚಿನ ಕಾಲೇಜುಗಳಲ್ಲಿ ರೈಟಿಂಗ್ ಸೆಂಟರ್ ಇರುತ್ತದೆ, ಬೇರೆ ಫೀಸು ಕೇಳುವುದಿಲ್ಲ. ಮೊದಲ ಪ್ರಬಂಧ ಕೊಡುವ ಒಂದು ವಾರ ಮುಂಚೆಯೇ ಅಲ್ಲಿಗೆ ಒಮ್ಮೆ ಹೋಗಿ ಬರಲಿ.