‘ಸಮಾಲೋಚನೆ’ಯನ್ನು ಯಾರೂ ನೀಡಲಾರರು

‘ಬರುವ ಶನಿವಾರ ನಲಿ-ಕಲಿ ಶಿಕ್ಷಕರಿಗೆ ಸಮಾಲೋಚನೆ ನೀಡಲಾಗುವುದು’ ಎಂಬ ಸೂಚನೆಯನ್ನು ಈ ವರ್ಷ ನಾಲ್ಕನೆಯ ಬಾರಿ ಓದಿದ ಮೇಲೆ ಇದನ್ನು ಬರೆಯದೆ ವಿಧಿಯಿಲ್ಲವೆನಿಸಿತು. (ನಲಿ-ಕಲಿ ಎಂದರೆ ಸರ್ಕಾರಿ ಶಾಲೆಗಳ ಕೆಳಗಿನ ತರಗತಿಗಳಲ್ಲಿರುವ ಚಟುವಟಿಕೆಯ ಕಲಿಕಾ ಪದ್ಧತಿ.) ತರಬೇತಿಯನ್ನು ನೀಡಬಹುದು, ಸಲಹೆಯನ್ನು ನೀಡಬಹುದು, ಬೇಕಿದ್ದರೆ ನೋಟಿಸನ್ನೂ ನೀಡಬಹುದು. ಸಮಾಲೋಚನೆಯನ್ನು ನಡೆಸಬೇಕು, ಅದನ್ನೂ ಕುಳಿತವರೆಲ್ಲ ಸೇರಿಯೇ ನಡೆಸಬೇಕು.

ಸಂಸ್ಕೃತದ ‘ಲೋಚ್’ ಧಾತುವಿಗೆ ನೋಡು ಎಂಬ ಅರ್ಥವಿದೆ. ಕಣ್ಣು ‘ಲೋಚನ’ವಾದದ್ದು ಅದರಿಂದಲೇ. ಅದಕ್ಕೆ ‘ಆ’ ಸೇರಿದಾಗ ನೋಟವು ಪರಿಶೀಲನೆಯಾಗಿ, ವಿಚಾರವಾಗಿ, ನಮ್ಮ ದಿನಬಳಕೆಯ ‘ಆಲೋಚನೆ’ಯಾಯಿತು. ಮುಂದೆ ‘ಸಂ’ ಸೇರಿದ ಮೇಲೆ ದಾರಿ ಕವಲೊಡೆಯುತ್ತದೆ. ಆ ಉಪಸರ್ಗಕ್ಕೆ ‘ಚೆನ್ನಾಗಿ’ ಎಂಬ ಅರ್ಥವೂ ಇದೆ, ‘ಜೊತೆಗೂಡಿ’ ಎಂಬ ಅರ್ಥವೂ ಇದೆ. ಹಿಂದಿಯಲ್ಲಿ ಈ ಪದ ಸಾಹಿತ್ಯ ವಿಮರ್ಶೆಗೆ ಸಂದಿತು. ಕನ್ನಡವು ‘ಜೊತೆಗೂಡಿ’ ಎಂಬುದನ್ನು ಬಿಗಿಯಾಗಿ ಹಿಡಿದುಕೊಂಡಿತು. ‘ನೀಡು’ ಎಂಬ ಕ್ರಿಯಾಪದ ನುಸುಳಿದ್ದು ಬಹುಶಃ ‘ಆಪ್ತ ಸಮಾಲೋಚನೆ’ಯ, ಅಂದರೆ ಕೌನ್ಸೆಲಿಂಗ್‌ನ, ಕಡೆಯಿಂದ. ಅಲ್ಲಿಯೂ ಅದು ಸಲ್ಲುವುದಿಲ್ಲ, ಆದರೆ ಆ ಜಗಳ ಬೇರೆ.

ಅಕ್ಕಪಕ್ಕದ ಶಾಲೆಗಳ ಶಿಕ್ಷಕರು ಸೇರುವ ಕ್ಲಸ್ಟರ್ ಹಂತದ ಸಭೆಗೆ ‘ಸಮಾಲೋಚನೆ’ ಎಂಬ ಹೆಸರು ಸುಮ್ಮನೆ ಬಂದಿಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಮೊದಲಾದ ನಲಿ-ಕಲಿಯಲ್ಲಿ ಒಂದರಿಂದ ಮೂರನೆಯ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ತಮ್ಮ ತಮ್ಮ ವೇಗದಲ್ಲಿ ಕಲಿಯುತ್ತಾರೆ. ಶಿಕ್ಷಕರ ಸಂಪೂರ್ಣ ಬೆಂಬಲದ ಗುಂಪಿನಿಂದ ಹಿಡಿದು ಸ್ವಕಲಿಕೆಯ ಗುಂಪಿನವರೆಗೆ ಅವರಿಗೆ ಐದು ‘ತಟ್ಟೆ’ಗಳಿವೆ, ಅಂದರೆ ಕುಳಿತು ಕಲಿಯುವ ಐದು ಗುಂಪುಗಳಿವೆ. ಬೆಂಬಲಕ್ಕೆ ಇಷ್ಟು ಮೆಟ್ಟಿಲುಗಳಿವೆ ಎಂದು ಮಕ್ಕಳ ವಿಷಯದಲ್ಲಿ ಒಪ್ಪಿದ ನಾವು, ಶಿಕ್ಷಕರನ್ನು ಮಾತ್ರ ಒಂದೇ ತಟ್ಟೆಯ ಸುತ್ತ ಕೂರಿಸಿ ಸುತ್ತೋಲೆ ಓದಿಸುತ್ತೇವೆ.

ಒಮ್ಮೆ ನಾನು ಕುಳಿತಿದ್ದ ಸಭೆಯಲ್ಲಿ ಶಿಕ್ಷಕಿಯೊಬ್ಬರು ಮೂರನೆಯ ತರಗತಿಯ ಹುಡುಗನ ನೋಟ್‌ಬುಕ್ ತೆರೆದಿಟ್ಟರು. ‘ಅಮ್ಮ’ ಎಂಬಲ್ಲಿ ‘ಅಮ’, ‘ಹತ್ತು’ ಎಂಬಲ್ಲಿ ‘ಹತು’. ಒತ್ತಕ್ಷರವೇ ಬರುವುದಿಲ್ಲ ಎಂಬುದು ಅವರ ದೂರು. ಪಕ್ಕದ ಶಾಲೆಯ ಮೇಷ್ಟ್ರು ಹಾಳೆ ಮಗುಚಿ ‘ಅಜ್ಜ’, ‘ಅಪ್ಪ’ ಎರಡೂ ಸರಿಯಾಗಿರುವುದನ್ನು ತೋರಿಸಿ, ತಮ್ಮ ಚೀಲದಿಂದ ಇನ್ನೆರಡು ಪುಸ್ತಕಗಳನ್ನು ತೆಗೆದರು. ಅಲ್ಲಿಯೂ ಅದೇ ಕಥೆ. ಜ, ಪಗಳ ಒತ್ತು ಮೂಲಾಕ್ಷರವನ್ನೇ ಹೋಲುತ್ತದೆ; ತ, ನ, ಮ, ಯ, ರ, ಲಗಳ ಒತ್ತಿಗೆ ಬೇರೆಯೇ ಆಕಾರ. ಮಕ್ಕಳ ಕಿವಿಗೆ ಇಮ್ಮಡಿ ಕೇಳಿಸಿತ್ತು, ಕೈಗೆ ಆ ಆರು ಆಕಾರಗಳ ಗುರುತಿರಲಿಲ್ಲ. ಒಂದೇ ಪುಸ್ತಕವನ್ನು ಒಬ್ಬರೇ ನೋಡಿದ್ದಾಗ ಕೆಂಪು ಶಾಯಿಯ ಗೆರೆಯಷ್ಟೇ ಆಗಿದ್ದದ್ದು, ಮೂರು ಪುಸ್ತಕಗಳನ್ನು ಹತ್ತು ಮಂದಿ ನೋಡಿದಾಗ ಮರುವಾರದ ಪಾಠವಾಯಿತು. ಸಮಾಲೋಚನೆ ಎಂದರೆ ಆ ಇಪ್ಪತ್ತು ನಿಮಿಷ. ಉಳಿದ ಎರಡು ಗಂಟೆಗೆ ‘ಸಭೆ’ ಎಂಬ ಒಳ್ಳೆಯ ಪದ ಈಗಾಗಲೇ ಇದೆ.

ಆ ದಿನದ ನಡಾವಳಿ ಪುಸ್ತಕದಲ್ಲಿ ಮಾತ್ರ ‘ಒತ್ತಕ್ಷರಗಳ ಬಗ್ಗೆ ಸಮಾಲೋಚನೆ ನೀಡಲಾಯಿತು’ ಎಂದೇ ದಾಖಲಾಗಿದೆ.