ಹೆಂಚಿನ ಸಂದಿಯ ಪುಟ್ಟ ಬೇಟೆಗಾರ

ಮುಸ್ಸಂಜೆ ಹೊತ್ತಿಗೆ ಧಾರವಾಡದ ಸಾಧನಕೇರಿ ಕಡೆ ಹೋದರೆ ಒಮ್ಮೆ ತಲೆಯೆತ್ತಿ ನೋಡಿ. ಹಕ್ಕಿಗಳು ಗೂಡು ಸೇರಿದ ಮೇಲೂ ಬೀದಿ ದೀಪದ ಸುತ್ತ ಏನೋ ಹಾರುತ್ತಿರುತ್ತದೆ. ಸರಕ್ಕನೆ ತಿರುಗುತ್ತದೆ, ಧುಮುಕುತ್ತದೆ, ಮತ್ತೆ ಮೇಲೇರುತ್ತದೆ. ಹೆಚ್ಚಾಗಿ ಅದು ಪಿಪಿಸ್ಟ್ರೆಲ್ ಎಂಬ ಪುಟ್ಟ ಬಾವಲಿ. ಮರಕ್ಕೆ ಜೋತುಬೀಳುವ ದೊಡ್ಡ ಹಣ್ಣು ಬಾವಲಿಯೇ ಬೇರೆ, ಇದೇ ಬೇರೆ. ತೂಕ ಕೆಲವೇ ಗ್ರಾಂ. ಹಣ್ಣು ಇದಕ್ಕೆ ಬೇಡ. ಸೊಳ್ಳೆ, ನುಸಿ, ಸಣ್ಣ ಪತಂಗ, ಚಿಕ್ಕ ಜೀರುಂಡೆಗಳೇ ಊಟ.

ಇದು ಯಾಕೆ ನೆಟ್ಟಗೆ ಹಾರುವುದಿಲ್ಲ? ಉತ್ತರ ಅದರ ಕೂಗಿನಲ್ಲಿದೆ. ಹಾರುತ್ತಲೇ ಕೂಗಿ, ಹುಳಕ್ಕೆ ಬಡಿದು ಬರುವ ಪ್ರತಿಧ್ವನಿಯನ್ನು ಇದು ಕೇಳಿಸಿಕೊಳ್ಳುತ್ತದೆ. ನಮ್ಮ ಕಿವಿಗೆ 20 ಕಿಲೋಹರ್ಟ್ಸ್, ಅಂದರೆ ಸೆಕೆಂಡಿಗೆ 20 ಸಾವಿರ ಕಂಪನ ದಾಟಿದ ಸದ್ದು ಕೇಳದು. ಇದರ ಕೂಗು 40 ಕಿಲೋಹರ್ಟ್ಸ್‌ಗೂ ಜಾಸ್ತಿ. ಅಷ್ಟು ಕೀರಲು ಯಾಕೆ ಬೇಕು ಅಂದರೆ, ಆಗ ಸದ್ದಿನ ಅಲೆಯ ಉದ್ದ 8 ಮಿಲಿಮೀಟರಿನ ಆಸುಪಾಸಿಗೆ ಇಳಿಯುತ್ತದೆ. ದಪ್ಪ ದನಿಯ ಉದ್ದ ಅಲೆ ಸಣ್ಣ ಹುಳವನ್ನು ಬಳಸಿಕೊಂಡು ಹೋಗಿಬಿಡುತ್ತದೆ, ಸರಿಯಾಗಿ ವಾಪಸು ಬರುವುದಿಲ್ಲ. ಆದರೆ ಕೀರಲು ಸದ್ದು ಗಾಳಿಯಲ್ಲಿ ಬೇಗ ಸೋತುಹೋಗುತ್ತದೆ. ಹಾಗಾಗಿ ಹುಳ ಕೆಲವೇ ಮೀಟರ್ ದೂರಕ್ಕೆ ಬಂದಾಗಲಷ್ಟೇ ಬಾವಲಿಗೆ ಗೊತ್ತಾಗುವುದು. ಒಂದು ಮೀಟರ್ ದೂರದ ಹುಳಕ್ಕೆ ಬಡಿದ ಸದ್ದು ಸುಮಾರು 6 ಮಿಲಿಸೆಕೆಂಡಿನಲ್ಲಿ ಮರಳುತ್ತದೆ. ಅದು ಕೇಳಿದ ಕೂಡಲೇ ಮೈ ತಿರುಗಿಸಲೇಬೇಕು ಅಲ್ವಾ! ಹುಳ ಹತ್ತಿರವಾದಂತೆ ಕೂಗು ಚುರುಕಾಗಿ, ಕೊನೆಗೆ ಸೆಕೆಂಡಿಗೆ ನೂರಕ್ಕೂ ಹೆಚ್ಚಾಗುತ್ತದೆ. ನನಗಂತೂ ಇದಕ್ಕಿಂತ ಸೊಗಸಾದ ಬೇಟೆ ಇನ್ನೊಂದಿಲ್ಲ ಅನಿಸುತ್ತದೆ.

ಬಾವಲಿಗೆ ಕಣ್ಣು ಕಾಣದು ಅನ್ನುವುದು ಸುಮ್ನೆ ಮಾತು, ಕಾಣುತ್ತದೆ. ಕಣ್ಣು ಮುಚ್ಚಿದರೂ ಹಾರುವ ಬಾವಲಿ, ಕಿವಿ ಮುಚ್ಚಿದರೆ ತಡವರಿಸುತ್ತದೆ ಎಂದು ಇಟಲಿಯ ವಿಜ್ಞಾನಿ ಸ್ಪಲ್ಲಂಜಾನಿ 1790ರ ದಶಕದಲ್ಲೇ ಕಂಡಿದ್ದರು. ಆ ಕೂಗನ್ನು ಯಂತ್ರ ಹಿಡಿದದ್ದು ಮಾತ್ರ 1938ರಲ್ಲಿ, ಅಮೆರಿಕದ ಡೊನಾಲ್ಡ್ ಗ್ರಿಫಿನ್ ಕಾಲಕ್ಕೆ.

ಹಗಲು ಇವು ಮಲಗುವುದು ಹೆಂಚಿನ ಅಡಿ, ತೊಲೆಯ ಸಂದಿ, ಹಳೇ ಗೋಡೆಯ ಬಿರುಕಲ್ಲಿ. ಗದಗ, ಹಾವೇರಿಯ ಹಳೇ ಮನೆಗಳಲ್ಲಿ ಇಂಥ ಜಾಗಕ್ಕೆ ಕೊರತೆ ಇಲ್ಲ. ಆದರೆ ಆ ಮನೆಗಳೇ ಈಗ ಒಂದೊಂದಾಗಿ ಉರುಳಿ ಕಾಂಕ್ರೀಟ್ ಏಳುತ್ತಿದೆ. ಇಲಿಯಷ್ಟು ಬೇಗ ಹೆಚ್ಚುವ ಪ್ರಾಣಿ ಇದಲ್ಲ. ಸೂಲಿಗೆ ಸಾಮಾನ್ಯವಾಗಿ ಒಂದೋ ಎರಡೋ ಮರಿ. ಮರಿ ಹಾಲು ಕುಡಿದು ಬೆಳೆದು ಹಾರಲು ವಾರಗಳೇ ಬೇಕು. ಮನೆ ರಿಪೇರಿ ಮಾಡಿಸುವವರು ಸಂದಿಗೆ ಸಿಮೆಂಟ್ ಮೆತ್ತುವ ಮೊದಲು ಒಂದೆರಡು ಸಂಜೆ ಅಲ್ಲಿಂದ ಯಾರಾದರೂ ಹೊರಬರುತ್ತಾರಾ ಎಂದು ನೋಡಿ. ಬಂದರೆ, ಮರಿಗಳು ಹಾರುವ ತನಕ ಆ ಕೆಲಸ ಮುಂದೂಡಿ. ಬಾವಲಿ ಕೆಳಗೆ ಬಿದ್ದಿದ್ದರೆ ಬರಿಗೈಲಿ ಮುಟ್ಟಬೇಡಿ, ಹೆದರಿದರೆ ಕಚ್ಚುತ್ತದೆ.