ಅಧ್ಯಯನ ಟಿಪ್ಪಣಿ: ಕೃತಕ ಬುದ್ಧಿಮತ್ತೆಯ ಪಕ್ಷಪಾತ ಮತ್ತು ಹೊಣೆಗಾರಿಕೆ

ಕೃತಕ ಬುದ್ಧಿಮತ್ತೆಯ ಸಾಮಾಜಿಕ ಪರಿಣಾಮಗಳ ಬಗ್ಗೆ ಪರೀಕ್ಷೆಯಲ್ಲಿ ಪ್ರಶ್ನೆ ಬಂದರೆ ನಮ್ಮಲ್ಲಿ ಹೆಚ್ಚಿನವರು ಉದ್ಯೋಗ ನಷ್ಟ, ಖಾಸಗಿತನ, ಪಕ್ಷಪಾತ ಎಂದು ಮೂರು ಶೀರ್ಷಿಕೆ ಬರೆದು ಕೈತೊಳೆದುಕೊಳ್ಳುತ್ತೇವೆ. ಪಕ್ಷಪಾತ ಎಲ್ಲಿಂದ ಹುಟ್ಟುತ್ತದೆ ಎಂದು ಬಿಡಿಸಿ ಬರೆದವರು ಕಡಿಮೆ. ಈ ಟಿಪ್ಪಣಿ ಅದಕ್ಕಾಗಿ.

ನಮ್ಮ ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ನಿಂಬೆ ಬೆಳೆಗಾರರೊಬ್ಬರು ಸಾಲಕ್ಕೆ ಅರ್ಜಿ ಹಾಕಿದ್ದಾರೆ ಎಂದುಕೊಳ್ಳಿ. ಉತಾರ (ಪಹಣಿ) ಸರಿಯಾಗಿದೆ, ಹಳೆಯ ಬಾಕಿ ಇಲ್ಲ. ಅರ್ಜಿಯನ್ನು ಅಳೆದು ಅಂಕ ಕೊಡುವುದು ಹಿಂದಿನ ಸಾಲಗಳ ದಾಖಲೆಯಿಂದ ಕಲಿತ ಒಂದು ಗಣಕ ಮಾದರಿ, ಅಂದರೆ ಒಂದು ಕಂಪ್ಯೂಟರ್ ಪ್ರೋಗ್ರಾಂ. ಆ ದಾಖಲೆಯಲ್ಲಿ ಬರದ ವರ್ಷಗಳೂ ಇವೆ: ಕೊಳವೆಬಾವಿ ಬತ್ತಿ, ಗಿಡ ಒಣಗಿ, ಊರಿಗೆ ಊರೇ ಸುಸ್ತಿದಾರರ ಪಟ್ಟಿ ಸೇರಿದ ವರ್ಷಗಳು. ಮಳೆ ಕೈಕೊಟ್ಟಿದ್ದನ್ನು ಬರೆಯಲು ಅಲ್ಲಿ ಕಾಲಂ ಇಲ್ಲ, ಪಿನ್‌ಕೋಡ್‌ಗೆ ಇದೆ. ಹೀಗಾಗಿ ಮಾದರಿ ಕಲಿಯುವ ಪಾಠ ಒಂದೇ, ಈ ಪಿನ್‌ಕೋಡ್‌ನವರು ಸಾಲ ತೀರಿಸುವುದಿಲ್ಲ. ಯಾರೂ ಸುಳ್ಳು ಬರೆದಿಲ್ಲ, ಲೆಕ್ಕವೂ ತಪ್ಪಿಲ್ಲ. ಆದರೂ ಅನ್ಯಾಯ ಆಗಿದೆ.

ಜಾತಿ, ಲಿಂಗದ ಕಾಲಂ ಅಳಿಸಿದರೆ ಸಾಕು ಎನ್ನುವವರಿದ್ದಾರೆ. ಸಾಲದು. ಓಣಿ, ಓದಿದ ಶಾಲೆ, ಅಡ್ಡಹೆಸರು ಅದನ್ನೇ ಬೇರೆ ದಾರಿಯಿಂದ ಹೇಳುತ್ತವೆ. (ನಮ್ಮ ಭಾಗದ ಅಡ್ಡಹೆಸರುಗಳು ಎಷ್ಟು ಹೇಳಿಬಿಡುತ್ತವೆ ಎಂದು ವಿಜಯಪುರದವರಿಗೆ ವಿವರಿಸಬೇಕಿಲ್ಲ.) ಇದಕ್ಕೆ ಒಳ್ಳೆಯ ಉದಾಹರಣೆ ಅಮೆಜಾನ್ ನೇಮಕಾತಿಗೆಂದು ರೂಪಿಸಿದ್ದ ವ್ಯವಸ್ಥೆ. ಬಹುಪಾಲು ಗಂಡಸರೇ ಸಲ್ಲಿಸಿದ್ದ ಹತ್ತು ವರ್ಷಗಳ ಅರ್ಜಿಗಳಿಂದ ಅದು ಕಲಿತಿತ್ತು. ಸ್ವವಿವರದಲ್ಲಿ ‘ಮಹಿಳೆಯರ’ ಎಂಬ ಪದ ಕಂಡರೆ ಅಂಕ ಇಳಿಸುತ್ತಿತ್ತು. 2018ರಲ್ಲಿ ವಿಷಯ ಬಯಲಾಗುವ ಹೊತ್ತಿಗೆ ಕಂಪನಿ ಅದನ್ನು ಕೈಬಿಟ್ಟಿತ್ತು.

ಇನ್ನು ಹೊಣೆಗಾರಿಕೆ. ನನ್ನ ಮಟ್ಟಿಗೆ ಇದು ಪಕ್ಷಪಾತಕ್ಕಿಂತ ದೊಡ್ಡ ಪ್ರಶ್ನೆ. ಅಧಿಕಾರಿ ತಪ್ಪು ಮಾಡಿದರೆ ಮೇಲಿನವರಿಗೆ ದೂರು ಕೊಡಬಹುದು. “ಸಿಸ್ಟಂ ಒಪ್ಪುತ್ತಿಲ್ಲ” ಎಂದರೆ ಯಾರನ್ನು ಹಿಡಿಯುವುದು? ಯುರೋಪಿನಲ್ಲಿ 2018ರಿಂದ ಜಾರಿಯಲ್ಲಿರುವ ದತ್ತಾಂಶ ಕಾನೂನು, ಕೇವಲ ಯಂತ್ರವೇ ತೆಗೆದುಕೊಂಡ ಗಂಭೀರ ನಿರ್ಧಾರಕ್ಕೆ ಒಳಪಡದಿರುವ ಹಕ್ಕನ್ನು ಕೆಲವು ವಿನಾಯಿತಿಗಳೊಂದಿಗೆ ಕೊಡುತ್ತದೆ. ನಮ್ಮ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಅಂಥ ಹಕ್ಕು ಇಲ್ಲ; ನಿರ್ಧಾರಕ್ಕೆ ಬಳಸುವ ಮಾಹಿತಿ ಪೂರ್ಣವಾಗಿ, ನಿಖರವಾಗಿ ಇರುವಂತೆ ನೋಡಿಕೊಳ್ಳಬೇಕು ಎಂದಷ್ಟೇ ಅದು ಹೇಳುತ್ತದೆ. ಮೇಲಿನ ಉದಾಹರಣೆಯಲ್ಲಿ ಬೆಳೆಗಾರರ ಮಾಹಿತಿ ನಿಖರವಾಗಿಯೇ ಇತ್ತು ಎಂಬುದನ್ನು ಗಮನಿಸಿ. ಸಾಲ ನಿರಾಕರಿಸಿದರೆ ಕಾರಣವನ್ನು ಲಿಖಿತವಾಗಿ ತಿಳಿಸುವಂತೆ ರಿಸರ್ವ್ ಬ್ಯಾಂಕಿನ ನ್ಯಾಯೋಚಿತ ವ್ಯವಹಾರ ಸಂಹಿತೆ ಬ್ಯಾಂಕುಗಳಿಗೆ ಸೂಚಿಸುತ್ತದೆ. ಆದರೆ ‘ಅಂಕ ಕಡಿಮೆ’ ಎಂದು ಬರೆದುಕೊಟ್ಟರೆ ಅದನ್ನು ಕಾರಣವೆಂದು ಒಪ್ಪಬೇಕೇ? ಯಾವ ಕಾಲಂಗೆ ಎಷ್ಟು ತೂಕ ಬಿತ್ತು ಎಂಬುದು ಸಹಿ ಹಾಕುವ ವ್ಯವಸ್ಥಾಪಕರಿಗೂ ಗೊತ್ತಿಲ್ಲದಿರಬಹುದು.